ಕರಿ ಗಾಜಿನಲ್ಲಿ ಹಾಲಮ್ಮನ ಕೈ

ಕಳೆದ ವಾರ ಗೇಟಿನ ಕೀಲು ಮುರಿದಿತ್ತು. ಮಗ ಮಂಜು ತನ್ನ ಶೆಡ್ಡಿನಿಂದ ಮಿಷನ್ ತಂದು ಬಾಗಿಲಲ್ಲೇ ವೆಲ್ಡಿಂಗ್ ಮಾಡಿದ. ಕಬ್ಬಿಣ ಸುಟ್ಟ ಕಮಟು ವಾಸನೆ ಅಡುಗೆಮನೆಯವರೆಗೂ ಬಂತು. ಆ ವಾಸನೆ ನನಗೆ ಹೊಸದಲ್ಲ, ಮಗನ ಅಂಗಿ ಒಗೆದು ಒಗೆದು ನನ್ನ ಕೈಗೇ ಹತ್ತಿಕೊಂಡಿದೆ. ಆದರೆ ಪಕ್ಕದಲ್ಲಿ ಕೂತಿದ್ದ ಹಾಲಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಅದೇ ಶ್ರಾವಣ ನೆನಪಾಗಿತ್ತು.

ಹಾಲಮ್ಮ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಆಕೆ ಭಾನುವಳ್ಳಿಯವಳು, ನಾನು ಮಲೆಬೆನ್ನೂರಿನ ಕಡೆಯವಳು. ಗಂಡಂದಿರು ಇಬ್ಬರೂ ಹೋದರು. ನಾವಿಬ್ಬರು ಹರಿಹರದ ಈ ಮನೆಯಲ್ಲಿ ಒಂದೇ ಒಲೆಯ ಮುಂದೆ ಜಗಳವಾಡುತ್ತಾ ಮುದುಕಿಯರಾದೆವು. ನಮ್ಮ ಓಣಿ ಇಳಿದರೆ ಹೊಳೆಯ ಮೆಟ್ಟಿಲು. ಮಳೆಗಾಲದಲ್ಲಿ ಹಾಸಿಗೆಯಲ್ಲಿ ಮಲಗಿದ್ದರೂ ತುಂಗಭದ್ರೆಯ ಸದ್ದು ಕಿವಿಗೆ ಬೀಳುತ್ತದೆ.

ಆ ವರ್ಷ ಯುಗಾದಿ ಕಳೆದ ಮೇಲೆ ಓಣಿಯಲ್ಲಿ ಒಂದು ಮಾತು ಹುಟ್ಟಿತು. ಹಾಲಮ್ಮ ಜಪ ಹಿಡಿದಿದ್ದಾಳಂತೆ. ಕೂತಲ್ಲಿ ಆಕೆಯ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಮೇಲೆ ಮೆಲ್ಲಗೆ ಉರುಳುತ್ತಿತ್ತು. ಬೆರಳಿನ ಗೆಣ್ಣು ಮುಟ್ಟಿ ಶಿವನ ಹೆಸರು ಎಣಿಸುವವರನ್ನು ನೋಡಿದ್ದೀರಲ್ಲ, ಥೇಟ್ ಹಾಗೆಯೇ. ಗದ್ದವೂ ಒಂದಿಷ್ಟು ಅದುರುತ್ತಿತ್ತು. ಮೌನಜಪ ಎಂದರು. ಪಕ್ಕದ ಮನೆಯ ಶಾಂತಕ್ಕ ಮೊದಲು ಕಾಲು ಮುಟ್ಟಿದಳು. ಅವಳನ್ನು ನೋಡಿ ಉಳಿದವರು. ಗಂಡನೂ ಇಲ್ಲ, ಮಕ್ಕಳೂ ಇಲ್ಲವೆಂದು ಹಾಲಮ್ಮನನ್ನು ಮದುವೆ, ಉಡಿ ತುಂಬುವ ಕಾರ್ಯಗಳಲ್ಲಿ ಹಿಂದೆ ನಿಲ್ಲಿಸುತ್ತಿದ್ದ ಅದೇ ಹೆಂಗಸರು ಈಗ ಕೈಹಿಡಿದು ಮುಂದೆ ಕೂಡಿಸತೊಡಗಿದರು.

"ಯಾವ ಮಂತ್ರ ಹೇಳ್ತೀಯೇ?" ಎಂದು ನಾನೇ ಒಂದು ದಿನ ಕೇಳಿದೆ.

"ಅದನ್ನೆಲ್ಲ ಹೊರಗೆ ಹೇಳಬಾರದು ಅಕ್ಕ."

"ನಿನಗೆ ಬರೋದು ಒಗ್ಗರಣೆ ಮಂತ್ರ ಒಂದೇ. ಅದನ್ನ ಹೇಳಿದ್ರೆ ಶಿವ ಬರಲ್ಲ, ಬೆಕ್ಕು ಬರ್ತೈತೆ."

ಆಕೆ ನಗಲಿಲ್ಲ. ಅಷ್ಟು ಹೊತ್ತಿಗೆ ಆ ಜಪವನ್ನು ಆಕೆಯೇ ನಂಬತೊಡಗಿದ್ದಳು.

ಮೊಮ್ಮಗಳು ಕಾವ್ಯಾ, ಮಂಜುವಿನ ಮಗಳು, ದಾವಣಗೆರೆಯ ಒಂದು ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವ ಕೆಲಸಕ್ಕಿದ್ದಳು. ದಿನಾ ಬಸ್ಸಿನಲ್ಲಿ ಬಾತಿ ಊರು ದಾಟಿ ಹೋಗಿ ಬರುವುದು. ಸೋಮವಾರ ಅವಳಿಗೆ ರಜೆ. ಶ್ರಾವಣದ ಮೊದಲ ಸೋಮವಾರ ಅವಳು ಅಪ್ಪನ ವೆಲ್ಡಿಂಗ್ ಮುಖವಾಡದ ಕರಿ ಗಾಜು ಬಿಚ್ಚಿಕೊಂಡು, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಹೊಳೆಗೆ ಹೊರಟಳು. ನಾನೂ ಹಾಲಮ್ಮನೂ ಪೂಜೆಗೆಂದು ಅವಳ ಜೊತೆಗೇ ಇಳಿದೆವು. ಮೆಟ್ಟಿಲ ತುಂಬ ಹೆಂಗಸರು. ಕಾವ್ಯಾ ಆ ಗಾಜನ್ನು ಕ್ಯಾಮೆರಾದ ಮೂತಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದಳು.

"ಇದೇನೇ, ಕ್ಯಾಮೆರಾಕ್ಕೆ ಕಣ್ಣು ಕಟ್ತೀಯೇನು?" ಎಂದೆ.

"ಹಂಗೇ ಅನ್ಕೋ ಅಜ್ಜಿ. ಇದು ಬೆಳಕು ತಡೀತೈತೆ. ಬೆಳಕು ಕಮ್ಮಿಯಾದ್ರೆ ಹಗಲಾಗೂ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆಕ್ಕೊಂಡೇ ಇರಬಹುದು. ಅಷ್ಟೊತ್ತಿನಾಗೆ ಓಡಾಡೋದೆಲ್ಲ ಅಳಿಸಿ ಹೋಗ್ತೈತೆ. ಅಲುಗಾಡದೆ ನಿಂತಿದ್ದು ಮಾತ್ರ ಉಳೀತೈತೆ."

ಜೀವ ಇದ್ದದ್ದು ಅಳಿಸಿ ಹೋಗಿ ಕಲ್ಲು ಉಳಿಯುವ ಫೋಟೋ ಯಾಕೆ ಬೇಕು ಎಂದು ಕೇಳಿದೆ. "ಅದೇ ಚಂದ," ಎಂದಳು.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ತೋರಿಸಿದಳು. ಅಷ್ಟು ಜನ ತುಂಬಿದ್ದ ಮೆಟ್ಟಿಲು ಬರಿದಾಗಿತ್ತು. ಹೊಳೆ ಹರಿಯುತ್ತಲೇ ಇರಲಿಲ್ಲ, ಹೆಪ್ಪುಗಟ್ಟಿದ ಹಾಲಿನ ಹಾಗೆ ಬಿದ್ದಿತ್ತು. ವೆಲ್ಡಿಂಗ್ ಗಾಜಿನ ದೆಸೆಯಿಂದ ಎಲ್ಲದಕ್ಕೂ ಹಸಿರು ಹತ್ತಿತ್ತು. ಹೊಳೆಯಿಂದ ಎತ್ತಿದ ಹೆಣದ ಮೈ ನಾನು ನೋಡಿದ್ದೇನೆ, ಆ ಬಣ್ಣ. ಬರಿದಾದ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು ಹಾಲಮ್ಮ.

ಮಜ್ಜಿಗೆ ಕೇಳಲು ಬಂದಿದ್ದ ಶಾಂತಕ್ಕ ಕೈಮುಗಿದೇಬಿಟ್ಟಳು. "ನೋಡ್ರವ್ವಾ! ನಾವೆಲ್ಲ ಮಾಯ ಆಗೀವಿ, ಹಾಲಮ್ಮ ಒಬ್ರೇ ಉಳಿದಾರೆ!"

ಸಂಜೆಯೊಳಗೆ ಆ ಫೋಟೋ ಓಣಿಯ ಎಲ್ಲರ ಮೊಬೈಲಿನಲ್ಲೂ ಇತ್ತು. ಹಾಲಮ್ಮ ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದಳು. ಮೊದಲು ಮುಖ ಅರಳಿತು. ಆಮೇಲೆ ಕನ್ನಡಕ ಒರೆಸಿ ಮೊಬೈಲು ಕಣ್ಣಿನ ಹತ್ತಿರ ಹಿಡಿದಳು.

"ಕಾವ್ಯಾ, ನನ್ನ ಕೈ ಎಲ್ಲಿ?"

ಎಡಗೈ ಇತ್ತು, ಬೆರಳುಗಳ ಸಮೇತ. ಬಲಗೈ ಮಣಿಕಟ್ಟಿನವರೆಗೆ ಇತ್ತು, ಅಲ್ಲಿಂದಾಚೆಗೆ ಹೊಗೆ. ಕಣ್ಣು ಮೂಗು ಇದ್ದವು, ತುಟಿಯ ಕೆಳಗೆ ಮುಖ ಕರಗಿಹೋಗಿತ್ತು.

"ಅದು ವೆಲ್ಡಿಂಗ್ ಗಾಜು ಸಣ್ಣಜ್ಜಿ, ಫೋಟೋಕ್ಕೆ ಮಾಡಿದ್ದಲ್ಲ. ಬಣ್ಣನೂ ಕೆಡಿಸ್ತೈತೆ. ಸ್ಟುಡಿಯೋದಾಗೆ ಎನ್‌ಡಿ ಫಿಲ್ಟರ್ ಅಂತ ಒಂದು ಐತೆ. ಅದು ಬಣ್ಣಕ್ಕೆ ಕೈ ಹಚ್ಚಲ್ಲ, ಬೆಳಕಷ್ಟೇ ಕಮ್ಮಿ ಮಾಡ್ತೈತೆ. ಅದನ್ನ ಕೇಳಿ ತಂದು ಇನ್ನೊಮ್ಮೆ ತೆಗೀತೀನಿ."

ಹಾಲಮ್ಮನ ಕಿವಿಗೆ ಅದು ಬೀಳಲಿಲ್ಲ. ನಮ್ಮ ಕಡೆ ಹಳಬರು ಹೇಳುವುದುಂಟು, ತನ್ನ ನೆರಳಿಗೆ ತಲೆ ಕಾಣದಿದ್ದರೆ ಆರು ತಿಂಗಳು, ಎಣ್ಣೆಯಲ್ಲಿ ಮುಖ ಕಾಣದಿದ್ದರೆ ಅದಕ್ಕಿಂತ ಕಡಿಮೆ. ಹಾಲಮ್ಮ ಅಂಗಳಕ್ಕೆ ಹೋಗಿ ಇಳಿಬಿಸಿಲಿನಲ್ಲಿ ನಿಂತು ತನ್ನ ನೆರಳು ನೋಡಿಕೊಂಡಳು. ತಲೆ ಇತ್ತು. ಆದರೂ ಊಟಕ್ಕೆ ಬರಲಿಲ್ಲ.

ಆ ವಾರವೆಲ್ಲ ಮಳೆ ಹಿಡಿದುಕೊಂಡಿತು. ಮೇಲಿನ ಮಲೆನಾಡಿನಲ್ಲೂ ಹೊಡೆಯುತ್ತಿತ್ತೇನೋ, ಹೊಳೆ ಕೆಂಪಾಗಿ ಒಂದೊಂದೇ ಮೆಟ್ಟಿಲು ನುಂಗುತ್ತಾ ಬಂತು. ಹಾಲಮ್ಮ ತನ್ನ ಇಳಕಲ್ ಸೀರೆ ತೆಗೆದು ಮಡಿಚಿಟ್ಟು, "ಅಕ್ಕ, ನನಗೆ ಇದನ್ನೇ ಉಡಿಸು," ಎಂದಳು. "ಉಡಿಸೋಕೆ ನಾನೇ ಉಳೀತೀನಿ ಅಂತ ಯಾರು ಹೇಳಿದ್ರು? ನಾನು ನಿನಗಿಂತ ದೊಡ್ಡಾಕಿ," ಎಂದು ಸೀರೆ ಕಿತ್ತುಕೊಂಡು ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ.

ಮುಂದಿನ ಸೋಮವಾರ ಮಳೆ ಬಿಟ್ಟು ಬಿಸಿಲು ಬಂತು. ಕಾವ್ಯಾ ಫಿಲ್ಟರ್ ತಂದಿದ್ದಳು. ಬಳೆಯಷ್ಟು ಅಗಲ, ಕಾಡಿಗೆಯಂತೆ ಕಪ್ಪು. ನಾನು ಕಣ್ಣಿಗೆ ಹಿಡಿದು ಸೂರ್ಯನ ಕಡೆ ತಿರುಗಲು ಹೋದೆ. "ಕಣ್ಣು ಹೋಗ್ತಾವೆ ಅಜ್ಜಿ!" ಎಂದು ಕಸಿದುಕೊಂಡಳು. ಹಾಲಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗಳದ ತುಳಸಿಕಟ್ಟೆಯ ಮುಂದೆ ಬಂದು ಕೂತಳು.

"ಉಸಿರಾಡಬಹುದು ಸಣ್ಣಜ್ಜಿ. ಆದ್ರೆ ಅಲುಗಾಡಬ್ಯಾಡ. ನಾನು ಹೇಳೋತನಕ ಕಲ್ಲಿನಂಗೆ ಕೂಡ್ರು."

ಕೂತಳು. ನಾನು ಎದುರಿಗೇ ನಿಂತು ಕಣ್ಣು ಮಿಟುಕಿಸದೆ ನೋಡಿದೆ. ಸೆರಗು ಅಲುಗಲಿಲ್ಲ, ರೆಪ್ಪೆ ಸಹ ಅಪರೂಪಕ್ಕೆ ಬಡಿಯಿತು. ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ಉರುಳುತ್ತಿತ್ತು. ಅದು ಜಪ ಎಂಬುದು ನಮಗೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಅಲುಗಾಟವೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಫೋಟೋದಲ್ಲಿ ಹಸಿರು ಇರಲಿಲ್ಲ. ಗೋಡೆಯ ಬಿರುಕು, ಸೀರೆಯ ದಡಿ, ಹಣೆಯ ವಿಭೂತಿಯ ಗೆರೆ ಎಲ್ಲ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಬಲಗೈ ಇರಲಿಲ್ಲ. ಗದ್ದ ಇರಲಿಲ್ಲ.

"ಸಣ್ಣಜ್ಜಿ, ಜಪ ಮಾಡಬ್ಯಾಡ ಅಂತ ಹೇಳೋದೇ ಮರೆತೆ," ಎಂದು ಕಾವ್ಯಾ ನಗಲು ನೋಡಿದಳು. "ಬೆರಳು ಆಡ್ಸಿದ್ದಕ್ಕೆ ಹಂಗಾಗೈತೆ. ಬಾ, ಇನ್ನೊಂದು ತೆಗೆಯೋಣ. ಈ ಸಲ ಬೆರಳು ನಿಲ್ಸು."

ಹಾಲಮ್ಮ ಮತ್ತೆ ಕೂತಳು. ಬೆರಳು ನಿಲ್ಲಲಿಲ್ಲ. ಎಡಗೈಯಿಂದ ಬಲಗೈ ಅದುಮಿ ಹಿಡಿದಳು. ಹಿಡಿದ ಕೈಯೂ ಕುಣಿಯತೊಡಗಿತು.

"ನಿಲ್ಸೇ," ಎಂದೆ.

"ನಿಲ್ಲವಲ್ದು ಅಕ್ಕ."

ನಾನು ಹೋಗಿ ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಮುಷ್ಟಿಯೊಳಗೆ ಕೋಳಿಮರಿ ಹಿಡಿದರೆ ಹೇಗೆ ಒದ್ದಾಡುತ್ತದೆಯೋ ಹಾಗೆ ಒದ್ದಾಡಿತು. ಹಾಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ಕೈ ತನ್ನದಲ್ಲವೆಂಬಂತೆ. ಅಲ್ಲಿಗೆ ನನಗೆ ತಿಳಿಯಿತು, ಇದು ಶಿವನ ಕೆಲಸವಲ್ಲ.

ಮರುದಿನವೇ ಮೂವರೂ ದಾವಣಗೆರೆಗೆ ಹೋದೆವು. ನರದ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಮೃದು. ಹಾಲಮ್ಮನ ಮೊಣಕೈ ಮಡಿಚಿ ಬಿಡಿಸಿ ನೋಡಿದರು, ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿದರು. ಕಾವ್ಯಾ ಫೋಟೋ ತೋರಿಸಿದಾಗ ಬಹಳ ಹೊತ್ತು ನೋಡಿದರು.

"ಬೆರಳು ಹಿಂಗೆ ಆಡೋದು ಎಷ್ಟು ದಿನದಿಂದ ಐತಮ್ಮಾ?"

ಹಾಲಮ್ಮ ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು. ನಾನೇ ಹೇಳಿದೆ: "ಯುಗಾದಿಯಿಂದ, ಡಾಕ್ಟ್ರೇ. ನಾವು ಜಪ ಅನ್ಕೊಂಡಿದ್ವಿ."

ಅವರು ನಗಲಿಲ್ಲ, ಅದು ಅವರ ದೊಡ್ಡತನ. ನರದ ಕಾಯಿಲೆ, ವಾಸಿಯಾಗುವುದಿಲ್ಲ, ಗುಳಿಗೆ ನುಂಗಿದರೆ ಹತೋಟಿಯಲ್ಲಿರುತ್ತದೆ ಎಂದರು. ಗುಳಿಗೆ ತಾವಾಗಿ ಬಿಡಬಾರದು, ಬಿಟ್ಟರೆ ನಡೆಯುತ್ತಾ ನಡೆಯುತ್ತಾ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡಬಹುದು ಎಂದೂ ಹೇಳಿದರು.

"ಇನ್ನು ಆರು ತಿಂಗಳಾ?" ಎಂದು ಹಾಲಮ್ಮ ಕೇಳಿದಳು.

"ಯಾರು ಹೇಳಿದ್ದು? ಇನ್ನೂ ಎಷ್ಟೋ ವರ್ಷ ಇರ್ತೀರಿ."

ವಾಪಸು ಬರುವಾಗ ಬಸ್ಸು ಬಾತಿ ದಾಟಿತು. ಹಾಲಮ್ಮ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: "ಆರು ತಿಂಗಳು ಅಂದಿದ್ರೇ ಚಲೋ ಇತ್ತು ಅಕ್ಕ."

ಗುಳಿಗೆ ಕೆಲಸ ಮಾಡಿತು. ಗಣಪತಿ ಹಬ್ಬದ ಹೊತ್ತಿಗೆ ಹೆಬ್ಬೆರಳು ಮಲಗಿತು. ಗದ್ದ ನಿಂತಿತು. ರೊಟ್ಟಿ ತಟ್ಟಿದಳು, ಸೂಜಿಗೆ ದಾರ ಪೋಣಿಸಿದಳು. ಮನೆಯಲ್ಲಿ ನಮಗೆ ಸಮಾಧಾನ. ಓಣಿಗೆ ಮಾತ್ರ ಸಮಾಧಾನ ಇರಲಿಲ್ಲ.

"ಯಾಕ್ರಿ ಹಾಲಮ್ಮ, ಜಪ ಬಿಟ್ಟೀರಿ?" ಎಂದು ಶಾಂತಕ್ಕ ಕಟ್ಟೆಯ ಮೇಲೆ ಕೂತು ಕೇಳಿದಳು.

"ಅದು ಜಪ ಅಲ್ಲ, ರೋಗ. ಗುಳಿಗೆ ತಿಂದು ಹೋತು," ಎಂದು ನಾನು ಒಳಗಿನಿಂದಲೇ ಕೂಗಿ ಹೇಳಿದೆ.

"ಬಿಡ್ತು ಅನ್ರಿ ಅಕ್ಕಾರೆ! ಹೊಟ್ಟೆಕಿಚ್ಚಿಗೆ ಹಂಗನ್ನಬಾರದು," ಎಂದಳು ಶಾಂತಕ್ಕ. ಉಳಿದವರು ತಲೆಯಾಡಿಸಿದರು. ಹಾಲಮ್ಮನೂ ಬಾಯಿ ಬಿಡಲಿಲ್ಲ.

ಹಬ್ಬ ಮುಗಿಯುತ್ತಲೇ ಹೊಳೆ ಮತ್ತೆ ಏರಿತು. ಕೆಳಗಿನ ಓಣಿಯಲ್ಲಿ ಒಂದು ಮಣ್ಣಿನ ಗೋಡೆ ನೆನೆದು ಕುಸಿಯಿತು, ಒಂದು ಎಮ್ಮೆ ಸತ್ತಿತು. ಜಪ ನಿಂತಿದ್ದಕ್ಕೆ ಗಂಗಮ್ಮ ಸಿಟ್ಟಾಗಿದ್ದಾಳೆ ಎಂದು ಯಾರೋ ಅಂದರು. ಯಾರೆಂದು ನನಗೆ ಗೊತ್ತು, ಬರೆಯುವುದಿಲ್ಲ. ಕೆಲವು ದಿನದಲ್ಲೇ ಹಾಲಮ್ಮನ ಹೆಬ್ಬೆರಳು ಮತ್ತೆ ಉರುಳಲು ಶುರುವಾಯಿತು. ಹೆಂಗಸರು ಮತ್ತೆ ಕಾಲು ಮುಟ್ಟಿದರು. ಗುಳಿಗೆ ತಿಂದೆಯಾ ಎಂದರೆ, ಆಕೆ ಗುಳಿಗೆ ಬಿಡಿಸಿದ ಖಾಲಿ ಹಾಳೆ ತೋರಿಸುತ್ತಿದ್ದಳು. ಗುಳಿಗೆಗೆ ಶಕ್ತಿ ಸಾಲದು, ಮತ್ತೆ ಡಾಕ್ಟರ ಹತ್ತಿರ ಹೋಗಬೇಕು ಎಂದು ನಾನು ಅಂದುಕೊಂಡೆ.

ಮುಂದಿನ ಸೋಮವಾರ ಹೊಳೆ ಅರ್ಧದಷ್ಟು ಮೆಟ್ಟಿಲು ನುಂಗಿತ್ತು. ಸಿಟ್ಟಾದ ಗಂಗಮ್ಮನಿಗೆ ಹಾಲಮ್ಮನ ಕೈಯಿಂದ ಬಾಗಿನ ಬಿಡಿಸಬೇಕೆಂದು ಹೆಂಗಸರು ಮನೆಗೇ ಬಂದು ಕರೆದೊಯ್ದರು. ನಾನು ಒಲೆ ಆರಿಸಿ ಹಿಂದೆ ಹೊರಟೆ. ಕಾವ್ಯಾ ಆಗಲೇ ಮೇಲಿನ ಕಟ್ಟೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಆ ಕರಿ ಫಿಲ್ಟರ್ ತಿರುಗಿಸಿ ಹಾಕಿ, ಗುಂಡಿ ಒತ್ತಿದ್ದಳು. ಅದನ್ನು ಹಾಕಿದ ಮೇಲೆ ಅವಳಿಗೂ ಒಳಗೆ ಏನೂ ಕಾಣುವುದಿಲ್ಲವಂತೆ. ಅವಳು ಗಡಿಯಾರ ನೋಡುತ್ತಾ ನಿಂತಿದ್ದಳು.

ಹಾಲಮ್ಮ ಬಾಗಿನದ ಮೊರ ತೇಲಿಬಿಟ್ಟಳು. ಮೊರ ಗಿರ್ರನೆ ತಿರುಗಿ ಹೋಯಿತು. ಆಮೇಲೆ ಆಕೆ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ.

ನೀರು ಆಕೆಯ ಹಿಮ್ಮಡಿ ಮುಟ್ಟಿತು, ಹಿಂದೆ ಹೋಯಿತು, ಮತ್ತೆ ಬಂದು ಮೀನಖಂಡ ಮುಟ್ಟಿತು. ಮೇಲಿನಿಂದ ಒಂದು ಮರದ ಬೊಡ್ಡೆ ತೇಲಿ ಬರುತ್ತಿತ್ತು. ಹಾಲಮ್ಮ ಕಂಬದಂತೆ ನಿಂತೇ ಇದ್ದಳು. ಹಿಂದಿನ ಮೆಟ್ಟಿಲ ಮೇಲೆ ಅಷ್ಟೂ ಹೆಂಗಸರು ಕೈಮುಗಿದು, ಅವರೂ ಕಂಬದಂತೆ.

"ಎಳೀರೇ ಆಕೀನ!" ಎಂದು ಮೇಲಿನಿಂದಲೇ ಕೂಗಿದೆ.

ಶಾಂತಕ್ಕ ತಿರುಗಿ ನೋಡದೆ ಹೇಳಿದಳು: "ಮುಟ್ಟಬ್ಯಾಡ್ರಿ! ಧ್ಯಾನದಾಗೆ ಅದಾರೆ."

ನನ್ನ ಮೊಣಕಾಲಿಗೆ ಮೆಟ್ಟಿಲು ಇಳಿಯುವುದೆಂದರೆ ಶಿಕ್ಷೆ. ಹೇಗೆ ಇಳಿದೆನೋ ಗೊತ್ತಿಲ್ಲ. ಯಾರನ್ನೋ ತಳ್ಳಿದೆ, ಯಾರದೋ ಪೂಜೆಯ ತಟ್ಟೆ ಒದ್ದೆ. ಹಾಲಮ್ಮನ ಮುಂದೆ ಹೋಗಿ ನಿಂತಾಗ ನೀರು ನನ್ನ ಮೊಣಕಾಲಿಗೆ ಬಂದಿತ್ತು. ಆಕೆಯ ಕಣ್ಣು ಮುಚ್ಚಿರಲಿಲ್ಲ. ತೆರೆದೇ ಇದ್ದವು, ಕಸಾಯಿ ಅಂಗಡಿಯ ಮುಂದೆ ಕಟ್ಟಿದ ಕುರಿಯ ಕಣ್ಣಿನ ಹಾಗೆ. ತುಟಿ ಮಾತ್ರ ಅಲುಗುತ್ತಿತ್ತು. ಅದು ಮಂತ್ರವಲ್ಲ.

"ಕಾಲು... ಅಕ್ಕ... ಕಾಲು..."

ಸೊಂಟಕ್ಕೆ ಕೈಹಾಕಿ ಮೂಟೆಯಂತೆ ಎಳೆದೆ. ಕಾವ್ಯಾ ಓಡಿಬಂದು ಇನ್ನೊಂದು ರಟ್ಟೆ ಹಿಡಿದಳು. ಮೂವರೂ ಮೇಲಿನ ಮೆಟ್ಟಿಲ ಮೇಲೆ ಬಿದ್ದೆವು. ಆ ಬೊಡ್ಡೆ ಬಂದು ಆಕೆ ನಿಂತಿದ್ದ ಕಡೆ ಕಲ್ಲಿಗೆ ಬಡಿದು, ಸೀಳಿಕೊಂಡು ಮುಂದೆ ಹೋಯಿತು. ಆಗಲೂ ಕೈಮುಗಿದವರು ಕೈ ಇಳಿಸಿರಲಿಲ್ಲ.

ಮನೆಗೆ ತಂದು ಒದ್ದೆ ಸೀರೆ ಬಿಚ್ಚಿದಾಗ ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿ ಭಾರವಾಗಿತ್ತು. ಬಿಚ್ಚಿ ಸುರಿದೆ. ಅಡಿಕೆಯ ಜೊತೆಗೆ ಗುಳಿಗೆಗಳು, ಸುಣ್ಣ ಮೆತ್ತಿಕೊಂಡು ಬಿದ್ದವು.

"ಸಾಯಬೇಕಿತ್ತೇನೇ ನಿನಗೆ?"

"ಸಾಯೋಕಲ್ಲ." ಆಕೆ ಗೋಡೆಗೆ ಒರಗಿ ನಡುಗುತ್ತಿದ್ದಳು. "ನಿನಗೆ ಮಗ ಅದಾನೆ, ಮೊಮ್ಮಗಳು ಅದಾಳೆ. ಮೂಲೆಗೆ ಕುಂತ್ರೂ ನಿನ್ನ ಕರೀತಾರೆ. ನನ್ನ ಯಾರು ಕರೀತಿದ್ರು ಅಕ್ಕ? ಈ ಬೆರಳು ಆಡಿದ್ಮ್ಯಾಲೆ ತಾನೇ ಕರ್ದಿದ್ದು."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಹೊಳಿ ಕರೀತಿತ್ತಲ್ಲ ಈಗ, ಹೋಗಬೇಕಿತ್ತು," ಎಂದೆ. ಆಮೇಲೆ ಒಂದು ಗುಳಿಗೆಯ ಸುಣ್ಣ ಒರೆಸಿ, ನೀರಿನ ಲೋಟ ಹಿಡಿದು, ಎದುರಿಗೆ ಕುಕ್ಕರುಗಾಲಲ್ಲಿ ಕೂತೆ. ಆಕೆ ಬಾಯಿ ತೆರೆಯಲಿಲ್ಲ. ನಾನೂ ಏಳಲಿಲ್ಲ.

ಕಾವ್ಯಾ ಆಗ ಕ್ಯಾಮೆರಾ ತಂದಳು. ಅವಳು ಓಡಿ ಬರುವ ಮುಂಚೆಯೇ ಆ ಫೋಟೋ ಮುಗಿದಿತ್ತು. ಮೂವರೂ ನೋಡಿದೆವು. ಹೊಳೆ ಇರಲಿಲ್ಲ, ಬೆಳ್ಳನೆಯ ಮಂಜು ಹಾಸಿತ್ತು. ಅದರ ಅಂಚಿನಲ್ಲಿ ಹಾಲಮ್ಮ ಬೆನ್ನು ಮಾಡಿ ನಿಂತಿದ್ದಳು, ಸೆರಗಿನ ನೆರಿಗೆಯೂ ಸ್ಪಷ್ಟ. ಹಿಂದೆ ಕೈಮುಗಿದ ಹೆಂಗಸರು ಒಬ್ಬೊಬ್ಬರೂ ಗುರುತು ಸಿಗುವಂತೆ. ಬೊಡ್ಡೆ ಇರಲಿಲ್ಲ. ಓಡಿ ಇಳಿದ ನಾನೂ ಇರಲಿಲ್ಲ.

"ನೀನು ಅದರಾಗೆ ಇಲ್ಲಲ್ಲ ಅಕ್ಕ," ಎಂದಳು ಹಾಲಮ್ಮ.

"ನಿಂತಿದ್ರೆ ಇರ್ತಿದ್ದೆ. ನೀನು ಇರ್ತಿರಲಿಲ್ಲ."

ಆಕೆ ಲೋಟ ತೆಗೆದುಕೊಂಡಳು. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಗುಳಿಗೆ ಇಳಿಯಿತು.

ಶಾಂತಕ್ಕ ಬಂದು ಆ ಫೋಟೋ ದೊಡ್ಡದು ಮಾಡಿಸಿಕೊಡಿ, ಓಣಿಯ ಈಶ್ವರನ ಗುಡಿಯಲ್ಲಿ ಹಾಕುತ್ತೇವೆ ಎಂದಾಗ ನಾನು ಪೊರಕೆ ಹುಡುಕುತ್ತಿದ್ದೆ. ಹಾಲಮ್ಮನೇ ತಡೆದಳು.

"ಕೊಡು ಕಾವ್ಯಾ. ಗುಡಿಯಾಗೆ ಆ ಫೋಟೋದಾಕಿ ಜಪ ಮಾಡ್ಲಿ. ಮನಿಯಾಗೆ ನಾನು ಗುಳಿಗಿ ನುಂಗ್ತೀನಿ."

ಅಂದಿನಿಂದ ಗುಡಿಯ ಬಾಗಿಲ ಪಕ್ಕ ಆ ಫೋಟೋ ಇದೆ. ಕಟ್ಟು ಹಾಕಿಸಿದ್ದಾರೆ. ಕುಂಕುಮ ಹಚ್ಚುತ್ತಾರೆ, ಸೋಮವಾರ ಹೂವಿನ ಹಾರವನ್ನೂ ಹಾಕುತ್ತಾರೆ. ಬದುಕಿದ್ದವರ ಫೋಟೋಕ್ಕೆ ಹಾರ ಹಾಕಬಾರದೆಂದು ನಾನು ಎಷ್ಟೋ ಸಲ ಹೇಳಿದೆ. ನೋಡಿದವರು ಹೊಳೆ ಎಷ್ಟು ಶಾಂತವಾಗಿದೆ ಎನ್ನುತ್ತಾರೆ.

ಹಾಲಮ್ಮ ಹೊತ್ತು ಹೊತ್ತಿಗೆ ಗುಳಿಗೆ ನುಂಗುತ್ತಾಳೆ. ಡಾಕ್ಟರು ಮೊದಲಿಗಿಂತ ಹೆಚ್ಚು ಮಾಡಿದ್ದಾರೆ. ಸೋಮವಾರ ನನ್ನ ರಟ್ಟೆ ಹಿಡಿದು ಗುಡಿಗೆ ಬರುತ್ತಾಳೆ. ಬಾಗಿಲಲ್ಲಿ, ಆ ಫೋಟೋದ ಮುಂದೆ, ಒಂದು ಗಳಿಗೆ ನಿಲ್ಲುತ್ತಾಳೆ. ಹಿಂದೆ ಬಂದವರೂ ನಿಂತು ಕೈಮುಗಿಯುತ್ತಾರೆ. ತಾನಾಗಿ ನಿಂತಳೋ, ಕಾಲು ಹಿಡಿಯಿತೋ, ನನಗೆ ತಿಳಿಯುವುದಿಲ್ಲ. ಕೇಳುವುದೂ ಇಲ್ಲ. ಎಳೆಯುತ್ತೇನೆ.